ಚಿಕ್ಕಮ್ಮನ ಅಳತೆ ರವಿಕೆ

ನನ್ನ ಚಿಕ್ಕಮ್ಮನ ಸೊಂಟ ಎಲ್ಲಿದೆ ಎಂಬ ಬಗ್ಗೆ ಅವರಿಗೂ ಸ್ವೀಡನ್ ದೇಶಕ್ಕೂ ಇಪ್ಪತ್ತು ವರ್ಷಗಳಿಂದ ಭಿನ್ನಾಭಿಪ್ರಾಯವಿದೆ. ಇಲ್ಲಿನ ಅಂಗಡಿಯ ಬಟ್ಟೆಗಳೆಲ್ಲ ಅದು ನಾಲ್ಕು ಬೆರಳು ಕೆಳಗಿದೆ ಎನ್ನುತ್ತವೆ. ಚಿಕ್ಕಮ್ಮ ಒಪ್ಪುವುದಿಲ್ಲ. ಮೇಲೂ ಕೆಳಗೂ ಧಾರಾಳವಾಗಿ, ನಡುವೆ ಸಣ್ಣಗೆ, ಡಮರುಗದ ಆಕಾರ ಕೊಟ್ಟ ದೇವರು ಮೈಯ ಉದ್ದ ಕೊಡುವಾಗ ಮಾತ್ರ ಕೈ ಬಿಗಿಹಿಡಿದ. ಬೇರೆಯವರಿಗೆ ರವಿಕೆ ಮುಗಿದ ಮೇಲೆ ಒಂದಷ್ಟು ಜಾಗ ಬಿಟ್ಟು ಸೊಂಟ ಬಂದರೆ, ಇವರಿಗೆ ರವಿಕೆ ಮುಗಿಯುವುದೂ ಸೊಂಟ ಶುರುವಾಗುವುದೂ ಒಂದೇ ಕಡೆ!

ಒಮ್ಮೆ ಅಂಗಡಿಯ ಹುಡುಗಿ, "ಮೇಲೊಂದು ಬೆಲ್ಟ್ ಹಾಕಿಕೊಳ್ಳಿ, ಸರಿಹೋಗುತ್ತದೆ" ಎಂದಳು. ಚಿಕ್ಕಮ್ಮ ನನ್ನತ್ತ ತಿರುಗಿದರು.

"ಸೊಂಟ ಇರೋ ಕಡೆ ಬಟ್ಟೆ ಬರ್ಬೇಕು ತಾನೆ? ಬಟ್ಟೆ ಹೇಳಿದ ಕಡೆಗೆಲ್ಲ ನಾನು ಸೊಂಟ ತಗೊಂಡ್ ಹೋಗಕ್ಕಾಗತ್ತಾ?"

ಮೋಲ್ನ್‌ಡಾಲ್‌ನ ಔಷಧ ಸಂಶೋಧನಾಲಯದಲ್ಲಿ ದಿನವಿಡೀ ಮಿಲಿಗ್ರಾಮುಗಳಲ್ಲಿ ತೂಗುವ ಈ ಚಿಕ್ಕಮ್ಮ ಬಟ್ಟೆ ಕೊಳ್ಳಲು ಟೇಪು ಒಯ್ಯುವುದಿಲ್ಲ. ಕೈಚೀಲದಿಂದ ಒಂದು ಹಳೆಯ ಗಿಣಿಹಸಿರು ರವಿಕೆ ತೆಗೆದು, ಪ್ರತಿ ಡ್ರೆಸ್ಸಿನ ಮೇಲೂ ಹಾಸಿ ನೋಡುತ್ತಾರೆ. ಅವರ ಮಗಳು ಆಗ ಯಾರ ಮಗಳೋ ಎಂಬಂತೆ ಕಾಲುಚೀಲಗಳ ವಿಭಾಗಕ್ಕೆ ಸರಿದುಬಿಡುತ್ತಾಳೆ. ನಮ್ಮಲ್ಲಿ ದರ್ಜಿಗೆ ಹೊಸ ಬಟ್ಟೆಯ ಜೊತೆ ಹಳೆಯದೊಂದನ್ನು ಕೊಟ್ಟು "ಇದೇ ಅಳತೆಗೆ ಹೊಲೀರಿ" ಎನ್ನುವುದಿಲ್ಲವೇ? ಅಂಥ ಅಳತೆ ರವಿಕೆ ಅದು. ಚಿಕ್ಕಮ್ಮ ಸ್ವೀಡನ್ನಿಗೆ ಹೊರಟಾಗ ಹಾಸನದ ಮನೆಯಲ್ಲಿ ನನ್ನ ಅಜ್ಜಿ, ಅಂದರೆ ಅವರ ಅಮ್ಮ, ತಾವೇ ಮಷಿನ್ ತುಳಿದು ಹೊಲಿದುಕೊಟ್ಟದ್ದು. ಅಜ್ಜಿ ಈಗಿಲ್ಲ.

"ಚಿಕ್ಕಮ್ಮ, ಈ ರವಿಕೆ ನಿಮಗೆ ಈಗ ಆಗತ್ತಾ?" ಎಂದು ಕೇಳಿದೆ.

"ಎಲ್ಲಾಗತ್ತೆ? ತೋಳೇ ತೂರಲ್ಲ."

"ಮತ್ತೆ ಅಳತೆಗೆ ಇದ್ಯಾಕೆ?"

"ಅಳತೆ ಸರಿಯಾಗೇ ಇದೆ ಕಣೆ. ತಪ್ಪಾಗಿರೋದು ನಾನು."

ಒಳಗೆ ಬಟ್ಟೆ ಬಿಟ್ಟಿರುತ್ತಾರಲ್ಲ, ಬಿಚ್ಚಿಸಿ ಸಡಿಲ ಮಾಡಿಸಿ ಎಂದೆ. ಅವರ ಮುಖ ಗಂಭೀರವಾಯಿತು. "ಅಮ್ಮನ ಕೈಯ ಹೊಲಿಗೆ ಅಂತ ನನ್ನ ಹತ್ರ ಇರೋದು ಇದೊಂದೇ. ಯಾರೂ ಬಿಚ್ಚೋ ಹಾಗಿಲ್ಲ."

ಜೂನ್ ತಿಂಗಳಲ್ಲಿ ಮಗಳು ಶಾಲೆ ಮುಗಿಸುವ ದಿನ ಬಂತು. ಇಲ್ಲಿ ಅದೊಂದು ದೊಡ್ಡ ಹಬ್ಬ. ಮಕ್ಕಳು ಬಿಳಿ ಟೋಪಿ ಹಾಕಿಕೊಂಡು ಶಾಲೆಯಿಂದ ಓಡಿ ಬರುತ್ತಾರೆ, ಹೆತ್ತವರು ಚೆನ್ನಾಗಿ ಉಟ್ಟುತೊಟ್ಟು ಹೊರಗೆ ಕಾಯುತ್ತಾರೆ. ಚಿಕ್ಕಮ್ಮ ನೀಲಿ ಡ್ರೆಸ್ಸೊಂದನ್ನು ಕೊಂಡು, ಅದರ ಸೊಂಟ ಮೇಲೇರಿಸಲು ಒಬ್ಬ ವಯಸ್ಸಾದ ದರ್ಜಿಗೆ ಕೊಟ್ಟರು. ಜೊತೆಗೆ ರವಿಕೆಯನ್ನೂ ಇಟ್ಟು, "ಅಳತೆ ಇದರ ಹಾಗೇ ಇರಲಿ" ಎಂದು ಸ್ವೀಡಿಷ್‌ನಲ್ಲಿ ಹೇಳಿ, ಎರಡರ ಮೇಲೂ ಕೈಯಾಡಿಸಿದರು. ನಾನು ಪಕ್ಕದಲ್ಲೇ ಇದ್ದೆ. ಆತ ತಲೆಯಾಡಿಸಿದ.

ವಾರದ ನಂತರ ಹೋದರೆ ಡ್ರೆಸ್ಸು ಕೊಟ್ಟ ಹಾಗೇ ಇದೆ. ರವಿಕೆಯ ಪಕ್ಕ, ತೋಳು ಎಲ್ಲ ಬಿಚ್ಚಿ, ಅಗಲ ಮಾಡಿ ಹೊಲಿದಿದ್ದಾನೆ! ಹಳೆಯ ಬಟ್ಟೆಯನ್ನು ಅಳತೆಗೆಂದು ಕೊಡುವವರನ್ನು ಆ ಪುಣ್ಯಾತ್ಮ ಎಲ್ಲಿ ಕಂಡಿದ್ದಾನು? ಡ್ರೆಸ್ಸೇ ಅಳತೆ, ಬಿಗಿಯಾದ ರವಿಕೆಗೇ ರಿಪೇರಿ ಎಂದು ತಿಳಿದಿದ್ದ. ಪಾಪ, ಹೆಮ್ಮೆಯಿಂದಲೇ ಮಡಿಸಿ ಕೊಟ್ಟ.

ಚಿಕ್ಕಮ್ಮ ಬೈಯಲಿಲ್ಲ. ಟ್ರ್ಯಾಮಿನಲ್ಲಿ ರವಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, "ಹೋಯ್ತು ಕಣೆ, ಅಮ್ಮನ ಹೊಲಿಗೆ" ಎಂದು ಅತ್ತರು. ನನಗೂ ಅಳು ಬಂತು.

ಮನೆಗೆ ಬಂದವರೇ ಕೋಣೆಯ ಬಾಗಿಲು ಹಾಕಿಕೊಂಡರು. ತೆಗೆದಾಗ ರವಿಕೆ ಮೈಮೇಲಿತ್ತು. ಎಲ್ಲೂ ಬಿಗಿಯಿಲ್ಲ, ಸುಕ್ಕಿಲ್ಲ. ಅಷ್ಟು ದಿನ ಒಳಗೆ ಮಡಚಿಕೊಂಡಿದ್ದ, ಬಿಸಿಲೇ ಕಾಣದ ಬಟ್ಟೆ ಎರಡೂ ಪಕ್ಕಗಳಲ್ಲಿ ಹೊಚ್ಚಹೊಸ ಗಿಣಿಹಸಿರಾಗಿ ಕಾಣುತ್ತಿತ್ತು. ಮಗಳು ಅದನ್ನು ಮುಟ್ಟಿ, ಇದೇನು ಎಂದು ಸ್ವೀಡಿಷ್‌ನಲ್ಲಿ ಕೇಳಿದಳು.

"ನಿಮ್ಮಜ್ಜಿ ಬಿಟ್ಟಿದ್ದು. ನಾನು ದಪ್ಪ ಆಗ್ತೀನಿ ಅಂತ ಅವಳಿಗೆ ಆಗ್ಲೇ ಗೊತ್ತಿತ್ತು."

ನೀಲಿ ಡ್ರೆಸ್ಸು ಬೀರು ಸೇರಿತು. ಚಿಕ್ಕಮ್ಮ ಅದೇ ರವಿಕೆಗೆ ಸೀರೆಯುಟ್ಟು ಶಾಲೆಯ ಮುಂದೆ ನಿಂತರು. ಬಿಳಿ ಟೋಪಿಯ ಮಗಳು ಎಲ್ಲರ ಎದುರಿಗೇ ಓಡಿ ಬಂದು ಅಪ್ಪಿಕೊಂಡಳು. ಸಂಜೆ ಮನೆಯಲ್ಲಿ ರವಿಕೆಯನ್ನು ಒಳಮಗ್ಗುಲು ತಿರುಗಿಸಿ ನೋಡುತ್ತಿದ್ದ ಚಿಕ್ಕಮ್ಮ ನನ್ನನ್ನು ಕರೆದರು.

"ನೋಡೇ, ಇನ್ನೂ ಒಂದು ಬೆರಳಗಲ ಉಳಿದಿದೆ. ಅಮ್ಮ ನನ್ನ ಅರವತ್ತರವರೆಗೂ ಯೋಚನೆ ಮಾಡಿದ್ಳು."