ಕಾಂಚನಜುಂಗಾಕ್ಕೆ ಅತ್ತೆಯ ಒಪ್ಪಿಗೆ

ಕಾಂಚನಜುಂಗಾ ಹತ್ತುತ್ತೇನೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ನಗೆಪಾಟಲು ನಿಮ್ಮ ಮನೆ ಹುಡುಕಿಕೊಂಡು ಬರುತ್ತದೆ. ನನಗೆ ಹಿಮಬೆಟ್ಟ ಹತ್ತುವುದನ್ನು ಯಾರೂ ಕಲಿಸಲಿಲ್ಲ, ನಾನೇ ಓದಿ, ಬಿದ್ದು, ಎದ್ದು ಕಲಿತೆ. ಈಗ ಮಂಡಿ ಸವೆಯುತ್ತಿದೆ. ಹೋಗುವುದಿದ್ದರೆ ಬರುವ ವಸಂತದಲ್ಲೇ ಹೋಗಿ, ಆಮೇಲೆ ಆಗದು ಎಂದಿದ್ದಾರೆ ಡಾಕ್ಟರು.

ಬೆನ್ನಿನ ಭಾರ

ಭಾರ ಹೊತ್ತು ರೂಢಿಯಾಗಲಿ ಎಂದು ಬ್ಯಾಗಿನಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು ಈ ಪರದೇಶದಲ್ಲಿ ನಮ್ಮ ಮನೆಗೆ ಹತ್ತಿರವಿರುವ ಫ್ರೀಮಾಂಟಿನ ಗುಡ್ಡ ಹತ್ತುತ್ತೇನೆ. ತುದಿಯಲ್ಲಿ ನಿಂತು ಕೊಲ್ಲಿಯಾಚೆ, ಕಡಲಿನಾಚೆ ಹಿಮಾಲಯವಿರುವ ದಿಕ್ಕಿಗೆ ಕಣ್ಣು ಹಾಯಿಸುತ್ತೇನೆ. ಒಮ್ಮೆ ಹಾಗೆ ನಿಂತಿದ್ದಾಗ ಮೈಸೂರಿನ ಹೆಂಗಸೊಬ್ಬರು ಏದುಸಿರು ಬಿಡುತ್ತ ಪಕ್ಕಕ್ಕೆ ಬಂದರು.

“ಅಷ್ಟು ದಪ್ಪ ಬ್ಯಾಗಲ್ಲಿ ಏನಮ್ಮಾ?”

“ಅಕ್ಕಿ.”

“ಸೋನಾ ಮಸೂರಿನಾ?”

“ಹೌದು.”

“ಹಳೇ ಅಕ್ಕಿ ತಾನೆ? ಹೊಸದಾದ್ರೆ ಅನ್ನ ಮುದ್ದೆ ಆಗುತ್ತೆ, ಇಷ್ಟು ಮೇಲೆ ಹೊತ್ಕೊಂಡು ಬಂದಿದ್ದೇ ದಂಡ.”

ಸಭೆಯಲ್ಲಿ

ಪ್ಲೆಸೆಂಟನ್‌ನಲ್ಲಿ ಇಲ್ಲಿನ ನಮ್ಮ ಕನ್ನಡದವರು ಹಿಮಾಲಯ ಹತ್ತಿ ಬಂದವರೊಬ್ಬರ ಭಾಷಣ ಇಟ್ಟಿದ್ದರು. “ಪರ್ವತವನ್ನು ಗೆದ್ದೆ” ಎಂದರು. ಮೈ ಉರಿಯಿತು. ಹಗ್ಗ ಕಟ್ಟಿದವರು ಶೆರ್ಪಾಗಳು, ಆಕ್ಸಿಜನ್ ಸಿಲಿಂಡರು ಹೊತ್ತವರು ಶೆರ್ಪಾಗಳು, ಗೆದ್ದವರು ಮಾತ್ರ ಇವರು! ಮೈಕು ಕಿತ್ತುಕೊಂಡು ಕೇಳಿದೆ: “ನಿಮ್ಮ ಸಾಮಾನು ಹೊತ್ತವರ ಹೆಸರು ಹೇಳಿ.”

ಅವರು ಮುಂದಿನ ಫೋಟೋ ಹಾಕಿದರು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ನನ್ನ ಪರವಾಗಿ ಒಬ್ಬರಾದರೂ ಇದ್ದಾರಲ್ಲ ಎಂದು ಮೈಕು ಕೊಟ್ಟೆ.

“ಅದಿರಲಿ ಸ್ವಾಮಿ, ಅಷ್ಟು ಎತ್ತರದಲ್ಲಿ ಕುಕ್ಕರು ಎಷ್ಟು ಸಲ ಕೂಗಿಸಬೇಕು?”

ಉಳಿದ ಹೊತ್ತೆಲ್ಲ ಕುಕ್ಕರಿಗೇ ಹೋಯಿತು.

ಅತ್ತೆಯ ತೀರ್ಪು

“ಅಮ್ಮ ಒಪ್ಪಿದ್ರೆ ಹೋಗು” ಎಂದು ಗಂಡ ಜಾರಿಕೊಂಡ. ಅತ್ತೆ ಉಡುಪಿಯಿಂದ ಬಂದಿದ್ದರು. ನೆವಾರ್ಕಿನ ನಮ್ಮ ಅಡುಗೆಮನೆಯಲ್ಲಿ ಅವರನ್ನು ಕೂರಿಸಿ ಬೆಟ್ಟದ ಫೋಟೋ ತೋರಿಸಿದೆ. ಎಷ್ಟೋ ವರ್ಷಗಳಿಂದ ಕನಸಿಗೆ ಬರುವ ಬೆಟ್ಟ ಇದೇ ಎಂದೆ. ಅವರ ಕಣ್ಣು ಒದ್ದೆಯಾಯಿತು. ಇದೇ ಸಮಯವೆಂದು ಮುಂದುವರಿಸಿದೆ: “ಅಲ್ಲಿನ ಜನಕ್ಕೆ ಅದು ದೇವರು ಅತ್ತೆ. ಅದಕ್ಕೇ ಹತ್ತಿದವರು ತುತ್ತತುದಿ ಮೆಟ್ಟೋದಿಲ್ಲ. ಸ್ವಲ್ಪ ಕೆಳಗೇ ನಿಂತು ಕೈಮುಗಿದು ಬರ್ತಾರೆ. ನಾನೂ ಅಷ್ಟೇ.”

ಅತ್ತೆ ಫೋಟೋಕ್ಕೆ ಕೈಮುಗಿದರು. ಒಪ್ಪಿಯೇಬಿಟ್ಟರು ಎಂದುಕೊಂಡೆ.

“ಒಳ್ಳೆ ಕ್ರಮ ಮಾರಾಯ್ತಿ” ಎಂದರು. “ಹೇಗೂ ತುದಿಗೆ ಹೋಗ್ಲಿಕ್ಕಿಲ್ಲ, ಕೆಳಗೆ ನಿಂತೇ ಕೈಮುಗಿಯುದು. ಅದಕ್ಕೆ ಈ ನೆವಾರ್ಕು ಸಾಕಾಗುದಿಲ್ವಾ?”