ಫ್ಯಾನು ಬೀಳದಿರಲು ಹನ್ನೊಂದು ಕಾರಣ

ಕಚೇರಿಯಲ್ಲಿ ಇನ್ನು ಮುಂದೆ ಯಾರೂ ಬಾಯಿಂದ ಜಗಳವಾಡತಕ್ಕದ್ದಲ್ಲ, ಜಗಳವೇನಿದ್ದರೂ ಬರವಣಿಗೆಯಲ್ಲಿ, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು ಎಂಬ ಸುತ್ತೋಲೆಯು ಸೋಮವಾರ ಬೆಳಗ್ಗೆ ಹತ್ತೂವರೆಗೆ ಜಾರಿಗೆ ಬಂದಿತು. ಬರೆಯುವುದರಿಂದ ವಿಚಾರ ತಿಳಿಯಾಗುತ್ತದೆ, ಗಂಟಲೂ ಉಳಿಯುತ್ತದೆ ಎಂದು ಕಾರಣವನ್ನೂ ಅದರಲ್ಲಿ ನಮೂದಿಸಲಾಗಿತ್ತು.

ಇದರಿಂದ ಹಿಗ್ಗಿ ಹೀರೇಕಾಯಿಯಾದವರು ದಾಖಲೆ ವಿಭಾಗದ ಗುಮಾಸ್ತರು. ಪಾಪ, ಹುಟ್ಟಿದಾಗಿನಿಂದ ಒಂದು ವಾದವನ್ನೂ ಗೆದ್ದವರಲ್ಲ. ಕೊಡಬೇಕಾಗಿದ್ದ ಉತ್ತರ ಅವರಿಗೆ ಹೊಳೆಯುತ್ತಿದ್ದುದೇ ಮನೆಗೆ ಹೋಗಿ ಚಪ್ಪಲಿ ಬಿಟ್ಟ ಮೇಲೆ. ಈ ಸಲದ ವಾದವಂತೂ ನೇರ ಅವರ ತಲೆಗೇ ಸಂಬಂಧಪಟ್ಟದ್ದು. ಅವರ ಕುರ್ಚಿಯ ಮೇಲಿನ ಫ್ಯಾನು ಮೂರು ಬೋಲ್ಟುಗಳಲ್ಲಿ ಎರಡನ್ನು ಕಳೆದುಕೊಂಡು, ತಿರುಗುವಾಗಲೆಲ್ಲ ತೂರಾಡುತ್ತಿತ್ತು. ಬಿದ್ದೇ ಬೀಳುತ್ತದೆ ಎಂದು ಇವರು. ಬೀಳುವುದಿಲ್ಲ ಎಂದು ದುರಸ್ತಿ ವಿಭಾಗದ ಮೇಲ್ವಿಚಾರಕರು. ಕುರ್ಚಿ ಸರಿಸೋಣವೆಂದರೆ, ವಾದ ಇತ್ಯರ್ಥವಾಗುವ ತನಕ ವಿವಾದಿತ ಜಾಗದಿಂದ ಏನನ್ನೂ ಕದಲಿಸುವಂತಿರಲಿಲ್ಲ.

ಸುತ್ತೋಲೆಯ ನಾಲ್ಕನೇ ನಿಯಮ ಹೀಗಿತ್ತು: ‘ವಾದಿಯು ಮೊದಲು ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಬರೆದು, ಒಂದು ಪ್ರತಿಯನ್ನು ಆತನಿಗೆ ಕೊಟ್ಟು, ತರುವಾಯ ತನ್ನ ವಾದವನ್ನು ಬರೆಯತಕ್ಕದ್ದು.’ ಗುಮಾಸ್ತರು ಶ್ರದ್ಧೆಯಿಂದ ಕೂತರು. ಫ್ಯಾನು ಬೀಳದಿರಲು ಹನ್ನೊಂದು ಕಾರಣ ಬರೆದರು. ಈವರೆಗೆ ಬಿದ್ದಿಲ್ಲ, ಉಳಿದ ಬೋಲ್ಟು ತನ್ನ ಜವಾಬ್ದಾರಿ ಅರಿತು ಬಿಗಿಯಾಗಿದೆ, ಬೀಳಲು ಯಾರ ಮಂಜೂರಾತಿಯೂ ಆಗಿಲ್ಲ, ಹೀಗೆ. ಬರೆಯುತ್ತ ಬರೆಯುತ್ತ ಅವರಿಗೇ ಧೈರ್ಯ ಬಂತು. ತಮ್ಮ ವಾದದ ಸರದಿ ಬರುವಷ್ಟರಲ್ಲಿ ಕೈ ಸೋತು, ‘ಬೀಳಬಹುದು ಅನ್ನಿಸುತ್ತದೆ’ ಎಂದು ಒಂದೇ ಸಾಲು ಗೀಚಿ ಮುಗಿಸಿದರು.

ಮೇಲ್ವಿಚಾರಕರು ತಮ್ಮ ಪ್ರತಿಯನ್ನು ಚಹಾ ಆರುವ ತನಕ ಓದಿದರು. “ಅಲ್ರೀ, ನನ್ನ ತಲೇಲಿ ಇಷ್ಟೆಲ್ಲ ಇತ್ತು ಅಂತ ನನಗೇ ಗೊತ್ತಿರಲಿಲ್ಲ” ಎಂದು, ಕೆಳಗೆ ಸಹಿ ಹಾಕಿ ಅದನ್ನೇ ಸಲ್ಲಿಸಿಬಿಟ್ಟರು.

ಗುರುವಾರ ಮಧ್ಯಾಹ್ನ ಗುಮಾಸ್ತರು ನೀರು ಕುಡಿಯಲು ಎದ್ದಾಗ ಫ್ಯಾನು ಮೇಜಿನ ಮೇಲೆ ಬಿತ್ತು. ಪಕ್ಕದ ಕೋಣೆಯಲ್ಲೇ ಸೇರಿದ್ದ ವಾದ ಪರಿಶೀಲನಾ ಸಮಿತಿಗೆ ಸದ್ದು ಕೇಳಿಸಿತಾದರೂ, ಸದ್ದು ಬಾಯಿಜಗಳದ ವರ್ಗಕ್ಕೆ ಸೇರುವುದರಿಂದ ಪರಿಗಣಿಸಲು ಬರುವುದಿಲ್ಲ ಎಂದು ಅಧ್ಯಕ್ಷರು ಟಿಪ್ಪಣಿ ಬರೆದರು.

“ಬಿತ್ತಲ್ಲ ಸಾರ್, ನೀವೇ ಗೆದ್ರಿ” ಎಂದರು ಟೈಪಿಸ್ಟ್ ಅಕ್ಕ.

“ಸುಮ್ನಿರಮ್ಮ” ಎಂದರು ಗುಮಾಸ್ತರು, ಮೈಮೇಲಿನ ಧೂಳು ಕೊಡವುತ್ತ. “ಅದು ಬರವಣಿಗೆಯಲ್ಲಿ ಬರ್ಬೇಕು.”

ಶನಿವಾರ ತೀರ್ಪನ್ನು ಸಭಾಂಗಣದಲ್ಲಿ ಓದಲಾಯಿತು. ಹನ್ನೊಂದು ಕಾರಣಗಳನ್ನೂ ಅಕ್ಷರಶಃ ಉದ್ಧರಿಸಿ, ಇಂಥ ನಿಚ್ಚಳ ವಾದ ಈ ಕಚೇರಿಯಲ್ಲಿ ಹಿಂದೆಂದೂ ಮಂಡನೆಯಾಗಿಲ್ಲವೆಂದು ಶ್ಲಾಘಿಸಿ, ಫ್ಯಾನು ಸ್ವಸ್ಥಾನದಲ್ಲಿದೆ ಎಂದು ಘೋಷಿಸಲಾಯಿತು. ತಮ್ಮ ವಾಕ್ಯಗಳು ಒಂದೊಂದಾಗಿ ಗೆಲ್ಲುತ್ತಿದ್ದುದನ್ನು ಕೇಳಿ ಗುಮಾಸ್ತರ ಕಣ್ಣು ತುಂಬಿ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಮುಂದಿನ ಸೋಮವಾರ ಅವರು ಫ್ಯಾನಿನ ಮೂರು ರೆಕ್ಕೆಗಳ ನಡುವೆ ಜಾಗ ಮಾಡಿಕೊಂಡು ಕಡತ ಬಿಡಿಸಿದರು. ಕಾಗದ ಹಾರದಿರಲೆಂದು ಅಕ್ಕಪಕ್ಕದವರೆಲ್ಲ ಪೇಪರ್‌ವೇಟ್ ಇಟ್ಟುಕೊಂಡರು. ಆ ದಾರಿಯಾಗಿ ಬಂದ ಮೇಲ್ವಿಚಾರಕರು ನಿಂತು ವಿಚಾರಿಸಿದರು.

“ಗಾಳಿ ಜಾಸ್ತಿ ಆಯ್ತೇನ್ರೀ?”

“ಒಂಚೂರು” ಎಂದರು ಗುಮಾಸ್ತರು, ಬೆವರು ಒರೆಸಿಕೊಳ್ಳುತ್ತ.

ಮೇಲ್ವಿಚಾರಕರು ಗೋಡೆಯ ಹತ್ತಿರ ಹೋಗಿ ರೆಗ್ಯುಲೇಟರನ್ನು ಐದರಿಂದ ಮೂರಕ್ಕೆ ತಿರುಗಿಸಿದರು.

“ಹಾಂ, ಈಗ ಹಿತವಾಗಿದೆ” ಎಂದರು ಗುಮಾಸ್ತರು. ಟೈಪಿಸ್ಟ್ ಅಕ್ಕನೂ ಹೊದ್ದ ಸೆರಗನ್ನು ಸಡಿಲಿಸಿದರು.