ಮುಚ್ಚಳಕ್ಕೆ ಪ್ರಾಣಭಯ

ದರ್ಜಿಯವರ ಸಿಟ್ಟಿಗೆ ಕಾರಣವಾದ ವಸ್ತು ತೀರಾ ಸಣ್ಣದು. ಒಂದಡಿ ಅಗಲ, ನಾಲ್ಕು ಬೆರಳು ಎತ್ತರ, ದುಂಡಗೆ, ಕಪ್ಪಗೆ, ದೊಡ್ಡ ಪಾತ್ರೆಯ ಮುಚ್ಚಳದ ಹಾಗೆ ಇತ್ತು. ಅದು ನೆಲ ಗುಡಿಸುವ ರೋಬೋ. ಏಳು ದಿನ ಇಟ್ಟುಕೊಂಡು ನೋಡಿ, ಬೇಡವೆನಿಸಿದರೆ ಭಾನುವಾರ ಸಂಜೆಯೊಳಗೆ ಅಂಗಡಿಗೆ ಹಿಂದಿರುಗಿಸಬಹುದು ಎಂಬ ಕರಾರಿನ ಮೇಲೆ ಅದನ್ನು ಮನೆಗೆ ತಂದವರು ಅವರ ಧರ್ಮಪತ್ನಿ. ಆಕೆ ಮೂವತ್ತು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸು. ಬೀದಿಯವರೆಲ್ಲ ಆಕೆಯನ್ನು ನರ್ಸಮ್ಮ ಎನ್ನುತ್ತಾರೆ. ದರ್ಜಿಯವರೂ ಹಾಗೆಯೇ ಎನ್ನುತ್ತಾರೆ, ಅದರಲ್ಲೂ ಜಗಳದಲ್ಲಿ ಸೋತ ಮೇಲೆ.

ರೋಬೋ ಬಂದದ್ದಕ್ಕೆ ಅವರ ತಕರಾರಿರಲಿಲ್ಲ. ಅದು ಎಲ್ಲಿ ಕೂರಬೇಕು ಎಂಬುದಕ್ಕೆ ಇತ್ತು. ದಣಿದಾಗ ಹೋಗಿ ಶಕ್ತಿ ತುಂಬಿಸಿಕೊಳ್ಳಲು ಅದಕ್ಕೊಂದು ಪೀಠ, ಪೀಠಕ್ಕೊಂದು ಪ್ಲಗ್ಗು, ಪೀಠದ ಎರಡು ಬದಿಗೂ ಒಂದೊಂದು ಮೊಳ ಖಾಲಿ ಜಾಗ (ರಾಜಮಹಾರಾಜರೂ ಇಷ್ಟು ಕೇಳುತ್ತಿರಲಿಲ್ಲ). ಮುಂದಿನ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಕಿಟಕಿಯ ಕೆಳಗೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ದರ್ಜಿಯವರು ಕಾಲಲ್ಲಿ ತುಳಿಯುವ ಹೊಲಿಗೆಯಂತ್ರ ವಿರಾಜಮಾನವಾಗಿತ್ತು. ಈಗ ಏಳು ದಿನದ ಮಟ್ಟಿಗೆ ಅದನ್ನು ಓರೆಯಾಗಿ ಸರಿಸಿ ಇಟ್ಟಿದ್ದರು.

"ಇದು ಉಳಿದರೆ ನಿಮ್ಮ ಮೆಷಿನ್ನು ಹಿಂದಿನ ಕೋಣೆಗೆ ಹೋಗುತ್ತೆ," ಎಂದರು ನರ್ಸಮ್ಮ.

"ಅಲ್ಲಿ ಬೆಳಕೆಲ್ಲಿದೆ? ಕರೀ ಬಟ್ಟೆಗೆ ಕರೀ ದಾರದಲ್ಲಿ ಹೇಗೆ ಹೊಲೀಲಿ?"

"ದೀಪ ಹಾಕ್ಕೊಳ್ಳಿ."

"ಗಿರಾಕಿಗಳು ಹೇಗೆ ಬರ್ತಾರೆ?"

"ನಡ್ಕೊಂಡು."

ಆ ಕಿಟಕಿ ದರ್ಜಿಯವರ ಪಾಲಿಗೆ ಬೆಳಕು, ಗಾಳಿ, ಅಂಗಡಿ, ವರ್ತಮಾನಪತ್ರಿಕೆ ಎಲ್ಲವೂ ಆಗಿತ್ತು. ಯಾರ ಮನೆಗೆ ಯಾರು ಬಂದರು, ಹೋದ ವರ್ಷಕ್ಕಿಂತ ಯಾರ ಸೊಂಟ ಎಷ್ಟು ಬೆಳೆಯಿತು ಎಂಬುದನ್ನೆಲ್ಲ ಅವರು ಸೂಜಿಯಿಂದ ಕಣ್ಣೆತ್ತುವಷ್ಟರಲ್ಲಿ ತಿಳಿದುಬಿಡುತ್ತಿದ್ದರು. ಅದನ್ನು ಒಂದು ಮುಚ್ಚಳಕ್ಕೆ ಬಿಟ್ಟುಕೊಡುವುದೇ? ಭಾನುವಾರದೊಳಗೆ ಅದನ್ನು ಮನೆಯಿಂದ ಸಾಗಹಾಕಲೇಬೇಕೆಂದು ಅವರು ಪಣ ತೊಟ್ಟರು.

ಮಂಗಳವಾರ ದಾರಿಯೂ ಕಂಡಿತು. ದರ್ಜಿಯವರು ಗಿರಾಕಿಗಳ ಅಳತೆಗೆ ಸರಿಯಾಗಿ ಹಳೆಯ ಪತ್ರಿಕೆಯ ಹಾಳೆಗಳನ್ನು ಕತ್ತರಿಸಿ ಇಟ್ಟುಕೊಳ್ಳುವವರು. ಅಂದು ಬ್ಯಾಂಕಿನ ಮ್ಯಾನೇಜರರ ಬಲತೋಳಿನ ಕಾಗದವನ್ನು ಬಿಡಿಸಿದರೆ, ತೋಳಿನುದ್ದಕ್ಕೂ ಒಂದು ಲೇಖನ: 'ತಮ್ಮ ಉಳಿವನ್ನು ತಾವೇ ಬಯಸುವ ಯಂತ್ರಗಳು: ನಾವು ಹೆದರಬೇಕೆ?' ಮಣಿಕಟ್ಟಿನಿಂದ ಶುರುಮಾಡಿ ಭುಜದವರೆಗೂ ಅವರು ಒಂದೇ ಉಸಿರಿಗೆ ಓದಿದರು. ಆಮೇಲೆ ಕಾಲೇಜಿನಿಂದ ಬಂದ ಮಗಳನ್ನು ನಿಲ್ಲಿಸಿಕೊಂಡು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದರು. "ತನ್ನನ್ನು ನಿಲ್ಲಿಸಲು ಬಂದ ಮನುಷ್ಯನನ್ನು ಅಂಥ ಯಂತ್ರ..."

"ಅಂಥ ಯಂತ್ರ? ಮುಂದೆ?"

"ಮುಂದೆ ಮ್ಯಾನೇಜರ ಕಂಕುಳು. ಕತ್ತರಿಸಿಬಿಟ್ಟಿದ್ದೀನಿ."

"ಹೆದರಬೇಕೋ ಬೇಡವೋ ಅನ್ನೋದೇ ಕಂಕುಳಲ್ಲಿ ಹೋಯ್ತಾ ಅಪ್ಪಾ?"

"ಹೆದರಬೇಕು ಅಂತಲೇ ಇರುತ್ತೆ. ಹೆದರಬೇಡಿ ಅನ್ನೋದಕ್ಕೆ ಯಾರಾದರೂ ಅರ್ಧ ಪುಟ ಬರೀತಾರಾ?"

ಅಂದಿನಿಂದ ಅವರು ಮುಚ್ಚಳದ ಚಲನವಲನಗಳನ್ನು ಅಳತೆಪುಸ್ತಕದ ಕೊನೆಯ ಪುಟದಲ್ಲಿ ದಾಖಲಿಸತೊಡಗಿದರು. ಮಂಗಳವಾರ: ಮೆಟ್ಟಿಲಿನ ಅಂಚಿಗೆ ಬಂತು, ಕೆಳಗೆ ಇಣುಕಿ ಹಿಂದೆ ಸರಿಯಿತು, ಸಾವಿನ ಭಯ ಸ್ಪಷ್ಟ. ಬುಧವಾರ: ದಾರ ನುಂಗಿ ಒದ್ದಾಡಿ 'ನಾನು ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಬಿಡಿಸಿ' ಎಂದು ಹೆಣ್ಣುದನಿಯಲ್ಲಿ ಅಂಗಲಾಚಿತು. ಗುರುವಾರ: ಅರ್ಧ ಕೋಣೆ ಗುಡಿಸಿ, ಉಳಿದರ್ಧವನ್ನು ಹಾಗೇ ಬಿಟ್ಟು, ಯಾರನ್ನೂ ಕೇಳದೆ ಪೀಠಕ್ಕೆ ಹೋಗಿ ಮಲಗಿತು. (ಕೆಲಸದ ನಡುವೆ ಎದ್ದುಹೋಗುವ ಈ ಅಭ್ಯಾಸ ಆ ಮನೆಯಲ್ಲಿ ಮೊದಲೇ ಇತ್ತು, ಆದರೆ ಅದನ್ನು ದಾಖಲಿಸಲಾಗಿಲ್ಲ.)

ಶುಕ್ರವಾರ ಅವರು ಮಹಾಪ್ರಯೋಗಕ್ಕೆ ಕೈಹಾಕಿದರು. ಹೆಂಡತಿ ಆಸ್ಪತ್ರೆಗೆ ಹೋದದ್ದೇ ತಡ, ಪೀಠದ ಪ್ಲಗ್ಗನ್ನು ಕಿತ್ತರು. ಅನ್ನ ಕಿತ್ತುಕೊಂಡರೆ ಪ್ರಾಣಿಯ ನಿಜಸ್ವರೂಪ ಹೊರಬೀಳುತ್ತದೆ ಎಂಬುದು ಅವರ ಸಿದ್ಧಾಂತ.

ಹೊರಬಿತ್ತು. ಗುಡಿಸಿ ದಣಿದು ಬಂದ ಮುಚ್ಚಳಕ್ಕೆ ತನ್ನ ಪೀಠವೇ ಪತ್ತೆಯಾಗಲಿಲ್ಲ. ಅದು ಕೋಣೆ ಕೋಣೆ ತಿರುಗಿತು, ಗೋಡೆಗೆ ಹಣೆ ಚಚ್ಚಿಕೊಂಡಿತು, ಎರಡು ನಿಮಿಷಕ್ಕೊಮ್ಮೆ 'ಬ್ಯಾಟರಿ ತೀರಾ ಕಡಿಮೆಯಾಗಿದೆ' ಎಂದು ನರಳಿತು. ಕಡೆಗೆ ಹೊಲಿಗೆಯಂತ್ರದಡಿಗೆ ನುಗ್ಗಿ ದರ್ಜಿಯವರ ಕಾಲಿಗೆ ಗುದ್ದಿತು. ಅವರು ಕಾಲು ಸರಿಸಿದರು. ಅದು ಸರಿದ ಕಾಲನ್ನೂ ಹುಡುಕಿಕೊಂಡು ಬಂದು ಗುದ್ದಿತು. ನರ್ಸಮ್ಮ ಮನೆಗೆ ಬಂದಾಗ ಕಂಡದ್ದು ಇಷ್ಟು: ಸ್ಟೂಲಿನ ಮೇಲೆ ಎರಡೂ ಕಾಲು ಎತ್ತಿಕೊಂಡು, ಅಳತೆಪಟ್ಟಿಯನ್ನು ಚಾವಟಿಯಂತೆ ಹಿಡಿದು ಕುಳಿತ ಗಂಡ, ಕೆಳಗೆ ಕ್ಷೀಣದನಿಯಲ್ಲಿ ನರಳುತ್ತಿರುವ ಮುಚ್ಚಳ.

ಆಕೆ ನೇರವಾಗಿ ಮುಚ್ಚಳದ ಹತ್ತಿರ ಹೋದರು. ಚೀಲವನ್ನು ಕೆಳಗಿಟ್ಟು, ಮಂಡಿಯೂರಿ, ಮುಚ್ಚಳವನ್ನು ಅಂಗಾತ ಮಲಗಿಸಿ, ಮೇಜಿನ ಮೇಲಿದ್ದ ಬಟ್ಟೆಯ ಕತ್ತರಿಯನ್ನೇ ಎತ್ತಿಕೊಂಡು (ಆ ಕತ್ತರಿಯನ್ನು ದರ್ಜಿಯವರು ಮಗಳಿಗೂ ಮುಟ್ಟಗೊಡುವುದಿಲ್ಲ) ಚಕ್ರಕ್ಕೆ ಸುತ್ತಿಕೊಂಡಿದ್ದ ದಾರವನ್ನೆಲ್ಲ ಒಂದೊಂದಾಗಿ ಬಿಡಿಸಿದರು. ಶಾಲಾ ಸಮವಸ್ತ್ರದ ನೀಲಿ, ಮ್ಯಾನೇಜರ ಬೂದು, ಪರದೆಯ ಹಸಿರು ಎಲ್ಲವೂ ಇದ್ದವು. ಆಮೇಲೆ ಗೋಡೆಯತ್ತ ನೋಡಿದರು.

"ಪ್ಲಗ್ ಯಾರು ಕಿತ್ತಿದ್ದು?"

"ಅದೇ ವಿಷಯ ಹೇಳ್ತೀನಿ, ಕೂತ್ಕೋ."

"ನಾನು ನಿಂತೇ ಕೇಳ್ತೀನಿ. ನೀವು ಮೊದಲು ಕಾಲು ಇಳಿಸಿ."

ದರ್ಜಿಯವರು ಕಾಲಿಳಿಸಿ, ತೋಳಿನ ಕಾಗದವನ್ನು ಓದಿ, ಅಳತೆಪುಸ್ತಕವನ್ನು ಕೈಗಿತ್ತು, ಇಂದು ಕಾಲಿಗೆ ಬಂದದ್ದು ನಾಳೆ ಕುತ್ತಿಗೆಗೆ ಬರುತ್ತದೆಂದು ಅಮೋಘವಾಗಿ ವಾದ ಮಂಡಿಸಿದರು. ನರ್ಸಮ್ಮ ಕೊನೆಯ ಪುಟವನ್ನು, ರೋಗಿಯ ಚೀಟಿಯನ್ನು ಓದುವ ಹಾಗೆ, ಎರಡು ಸಲ ಓದಿದರು. ಮದುವೆಯಾದಾಗಿನಿಂದ ತಮ್ಮ ಬರಹವನ್ನು ಆಕೆ ಇಷ್ಟು ಶ್ರದ್ಧೆಯಿಂದ ಓದಿದ್ದು ಇದೇ ಮೊದಲಾದ್ದರಿಂದ, ಗೆದ್ದೆನೆಂದು ದರ್ಜಿಯವರ ಎದೆ ಎರಡಿಂಚು ಉಬ್ಬಿತು.

"ಅಂದ್ರೆ ಇದಕ್ಕೆ ಬದುಕೋ ಆಸೆ ಇದೆ ಅಂತೀರಿ."

"ಇದೆ. ಖಂಡಿತಾ ಇದೆ. ಅದೇ ಅಪಾಯ."

"ನಮ್ಮ ವಾರ್ಡಲ್ಲಿ ಮೂವತ್ತು ಹಾಸಿಗೆ. ಬದುಕೋ ಆಸೆ ಇರೋರನ್ನ ಕಂಡು ನಾನು ಒಂದು ದಿನವೂ ಹೆದರಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾರಲ್ಲ, ಅವರನ್ನ ಕಂಡ್ರೆ ನನಗೆ ಭಯ." ಆಕೆ ಪ್ಲಗ್ಗನ್ನು ಚುಚ್ಚಿದರು. "ಬೀಳೋ ಕಡೆಯಿಂದ ಹಿಂದೆ ಸರಿದಿದೆ. ನೋವಾದಾಗ ಕೂಗಿದೆ. ಸುಸ್ತಾದಾಗ ಮಲಗಿದೆ. ಯಾರಿಗೇನು ಮಾಡಿದೆ ಪಾಪ?"

"ನನ್ನ ಕಾಲಿಗೆ ಗುದ್ದಿದೆ ಕಣೇ."

"ಹಸಿದು ಗುದ್ದಿದೆ. ಊಟ ಹತ್ತು ನಿಮಿಷ ತಡವಾದ್ರೆ ನೀವು ತಟ್ಟೆ ಕುಟ್ಟಲ್ವಾ? ಹೆದರಬೇಕಾಗಿರೋದು ಅದು, ನಿಮಗೆ."

"ಕಂಕುಳಲ್ಲಿ ಇದ್ದದ್ದು ಇದೇ ಇರಬೇಕು," ಎಂದಳು ಮಗಳು, ಒಳಗಿನಿಂದ.

ಭಾನುವಾರದ ಹೊತ್ತಿಗೆ ಪೀಠದ ಮೇಲೆ ಗೋಡೆಗೆ ನರ್ಸಮ್ಮ ಬರೆದ ಚೀಟಿಯೊಂದು ತೂಗುತ್ತಿತ್ತು. ದಿನ ಬಿಟ್ಟು ದಿನ ಪೂರ್ಣ ವಿಶ್ರಾಂತಿ. ಕೆಲಸದ ದಿನ, ಅದು ಹೊರಡುವ ಮುನ್ನ ನೆಲದ ಮೇಲಿನ ದಾರವನ್ನೆಲ್ಲ ಪೊರಕೆಯಿಂದ ಗುಡಿಸಿ ತೆಗೆಯತಕ್ಕದ್ದು. ವಿಶ್ರಾಂತಿಯ ದಿನ ಇಡೀ ಮನೆ ಗುಡಿಸತಕ್ಕದ್ದು. ಯಾರು ಎಂದು ದರ್ಜಿಯವರು ಕೇಳಿದರು. ದಾರ ಯಾರದ್ದು ಎಂದು ನರ್ಸಮ್ಮ ಕೇಳಿದರು.

ಮಧ್ಯಾಹ್ನ ತಾಯಿ ಮಗಳು ಹೊಲಿಗೆಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಲು ಕೈಹಾಕಿದಾಗ ದರ್ಜಿಯವರು ಕಟ್ಟಕಡೆಯ ಅಸ್ತ್ರವನ್ನು ಬಿಟ್ಟರು. "ನೋಡು, ಯೋಚನೆ ಮಾಡಿದೆ. ಅದು ಬರೀ ಯಂತ್ರ. ಜೀವವೂ ಇಲ್ಲ, ಆಸೆಯೂ ಇಲ್ಲ. ವಾಪಸು ಕಳಿಸಿದರೆ ಪಾಪವೇನೂ ಬರೋದಿಲ್ಲ."

ನರ್ಸಮ್ಮ ಅಳತೆಪುಸ್ತಕದ ಕೊನೆಯ ಪುಟವನ್ನು ತೆರೆದು ಅವರ ಮುಖದ ಮುಂದೆ ಹಿಡಿದರು. "ಅಕ್ಷರ ಯಾರದ್ದು?"

ಅಕ್ಷರ ಮುತ್ತಿನಂತಿತ್ತು, ತಮ್ಮದಲ್ಲವೆನ್ನಲು ಸಾಧ್ಯವೇ ಇರಲಿಲ್ಲ. ಹೊಲಿಗೆಯಂತ್ರದ ಹಿಂಭಾಗವನ್ನು ಅವರೇ ಎತ್ತಿಕೊಟ್ಟರು.

ಸಂಜೆ, ರೋಬೋ ಮಾರಿದ ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ, ಬ್ಯಾಂಕಿನ ಮ್ಯಾನೇಜರು ತಮ್ಮ ಅಂಗಿಗಾಗಿ ಬಂದು, ವಾಡಿಕೆಯಂತೆ ಕಿಟಕಿಗೆ ಮುಖವಿಟ್ಟು ಕೂಗಿದರು. ಹಿಂದಿನ ಕೋಣೆಯಲ್ಲಿ ಪೊರಕೆ ಹಿಡಿದು ದಾರ ಬಳಿಯುತ್ತಿದ್ದ ದರ್ಜಿಯವರು ತಮ್ಮ ಕಿಟಕಿಯ ಕರೆಗೆ ಓಗೊಡಲು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿಯ ದನಿ ಕೇಳಿಸಿತು.

"ಇದ್ದಾರೆ, ಹಿಂದುಗಡೆಯಿಂದ ಬನ್ನಿ. ಸ್ವಲ್ಪ ಮೆಲ್ಲಗೆ ಮಾತಾಡಿ, ಇದು ಈಗಷ್ಟೇ ಮಲಗಿದೆ."